ಕೆಂಪು ಚುಕ್ಕೆಯ ಶ್ರುತಿ

ಕಳೆದ ಭಾನುವಾರ ಇವರು ಗರಾಜ್ ಕ್ಲೀನ್ ಮಾಡಲು ಹೊರಟು, ನನ್ನ ಹಳೆಯ ಶ್ರುತಿ ಪೆಟ್ಟಿಗೆಯನ್ನು ದಾನಕ್ಕೆ ಕೊಡುವ ಸಾಮಾನಿನ ರಾಶಿಯ ಮೇಲೆ ಇಟ್ಟಿದ್ದರು. "ಫೋನಲ್ಲೇ ಆ್ಯಪ್ ಇದ್ಯಲ್ಲ, ಇದ್ಯಾಕೆ ಇನ್ನೂ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ನಾನೂ ಈಗ ಆ್ಯಪ್ ಹಾಕಿಕೊಂಡೇ ಹಾಡುವುದು. ಆದರೆ ಪೆಟ್ಟಿಗೆ ಕೈಗೆತ್ತಿಕೊಂಡು ಧೂಳು ಒರೆಸಿದಾಗ, ಶ್ರುತಿ ತಿರುಗಿಸುವ ಗುಂಡಿಯ ಪಕ್ಕದಲ್ಲಿ ಆ ಕೆಂಪು ಚುಕ್ಕೆ ಕಾಣಿಸಿತು. ನೇಲ್ ಪಾಲಿಶ್‌ನ ಚುಕ್ಕೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನಾಲ್ಕು ಮನೆಗೂ ನಾಲ್ಕೂವರೆ ಮನೆಗೂ ನಡುವೆ, ಯಾವ ಹಾಡುಗಾರರೂ ಶ್ರುತಿ ಇಟ್ಟುಕೊಳ್ಳದ ಜಾಗದಲ್ಲಿ. ಇವರಿಗೆ ತೋರಿಸಿದೆ. ಮರೆತಿದ್ದರು ಪಾಪ. ನಾನು ಪೆಟ್ಟಿಗೆಯನ್ನು ಒಳಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ.

ಆ ಚುಕ್ಕೆ ಇಟ್ಟವರು ಕೆಳಗಿನ ಮನೆಯ ಆಂಟಿ. ಈಗ ನಾವು ಅಟ್ಲಾಂಟಾದವರು. ಆಗ ಇದ್ದದ್ದು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಎರಡನೆಯ ಮಹಡಿಯಲ್ಲಿ. ಎರಡು ಸಾವಿರದ ಎಂಟರಲ್ಲಿ ಮದುವೆಯಾಗಿ ಮೈಸೂರಿನಿಂದ ಅಲ್ಲಿಗೆ ಹೋಗಿ ಇಳಿದೆ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಇದ್ದದ್ದು ಒಂದೇ ಕಾರು, ಅದನ್ನು ಇವರು ಲ್ಯಾಬಿಗೆ ತೆಗೆದುಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಇವರು ಹೊರಟ ಮೇಲೆ ಇಡೀ ಮನೆಗೆ ನಾನು ಮತ್ತು ಶ್ರುತಿ ಪೆಟ್ಟಿಗೆ. ಐದು ಮನೆಗೆ ಶ್ರುತಿ ಹಾಕಿಕೊಂಡು, ಸರಳೆ ವರಸೆಯಿಂದ ಶುರು ಮಾಡಿ, ಊಟದ ಹೊತ್ತಿನವರೆಗೂ ಹಾಡಿದ್ದೇ ಹಾಡಿದ್ದು. ಕೇಳುವವರು ಯಾರೂ ಇಲ್ಲ ಎಂದುಕೊಂಡಿದ್ದೆ.

ಒಂದು ದಿನ ಹಾಡುತ್ತಿದ್ದಾಗ ಕೆಳಗಿನಿಂದ ಟಂಗ್, ಟಂಗ್ ಎಂದು ಕಬ್ಬಿಣದ ಸದ್ದು ಬಂತು. ಅಮೆರಿಕದಲ್ಲಿ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟಿದರೆ ಅದು ಜಗಳದ ಮೊದಲ ಹೆಜ್ಜೆ, ಎರಡನೆಯದು ಲೀಸಿಂಗ್ ಆಫೀಸಿನಿಂದ ನೋಟಿಸು ಎಂದು ಇವರ ಸ್ನೇಹಿತರೊಬ್ಬರು ನನ್ನನ್ನು ಮೊದಲೇ ಹೆದರಿಸಿಟ್ಟಿದ್ದರು. ಪೆಟ್ಟಿಗೆ ಆಫ್ ಮಾಡಿದೆ. ಮರುದಿನವೂ ಹಾಡಲಿಲ್ಲ, ಅದರ ಮರುದಿನವೂ ಇಲ್ಲ. ಪಾತ್ರೆ ತೊಳೆಯುವಾಗಲೂ ಬಾಯಿ ಮುಚ್ಚಿಕೊಂಡೇ ಇದ್ದೆ.

ವಾರ ಕಳೆದಿರಬೇಕು... ಬಾಗಿಲು ಬಡಿದರು. ತೆಗೆದರೆ, ಬಾಗಿಲು ತುಂಬುವಷ್ಟು ಎತ್ತರ, ದಪ್ಪ, ತಲೆಗೆ ಹಳದಿ ಬಟ್ಟೆ ಸುತ್ತಿದ ಹೆಂಗಸು. ವಯಸ್ಸು ನಮ್ಮಮ್ಮನಿಗಿಂತ ಹೆಚ್ಚು.

"ವೈ ಡಿಡ್ ಯು ಸ್ಟಾಪ್?" ಎಂದರು.

ಅವರು ನನಗೆ ಹೇಳಿದ ಮೊದಲ ಮಾತು ಅದು. ನಾನು ಗದ್ದಲ ಮಾಡಿದ್ದಕ್ಕೆ ಸಾರಿ ಎಂದು ತೊದಲಿದೆ. ಅವರಿಗೆ ಸಿಟ್ಟೇ ಬಂತು. ಗದ್ದಲವೇ? ತಾವು ಅಷ್ಟು ಚೆನ್ನಾಗಿ ತಾಳ ಹಾಕುತ್ತಿದ್ದರೆ, ಇದ್ದಕ್ಕಿದ್ದಂತೆ ನಿಲ್ಲಿಸಿ ಮರ್ಯಾದೆ ಕಳೆದೆಯಲ್ಲ ಎಂದು ಬೈದು, ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದರು.

ಅಡುಗೆಮನೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ನೇತುಹಾಕಿದ್ದ ಜೋಡಿ ಗಂಟೆ. ನಮ್ಮ ಪೂಜೆಯ ಗಂಟೆಯಂತೆ ಒಳಗೆ ನಾಲಗೆ ಇಲ್ಲ. ಕಬ್ಬಿಣದ ತಗಡು ಬಡಿದು ಮಾಡಿದ ಎರಡು ಗಂಟೆಗಳು, ಒಂದು ದೊಡ್ಡದು, ಒಂದು ಚಿಕ್ಕದು, ಹಿಡಿಯ ಹತ್ತಿರ ಬೆಸೆದಿದ್ದವು. ಕೋಲಿನಿಂದ ಹೊಡೆದರೆ ಒಂದು ಟಂಗ್ ಎನ್ನುತ್ತಿತ್ತು, ಇನ್ನೊಂದು ಟಿಂಗ್ ಎನ್ನುತ್ತಿತ್ತು. ಆಂಟಿ ಘಾನಾ ದೇಶದವರು. ಕಾಂಪ್ಲೆಕ್ಸಿನ ನಾಲ್ಕಾರು ಮನೆಗಳ ಮಕ್ಕಳನ್ನು ಹಗಲು ಹೊತ್ತು ತಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಿದ್ದರು. ಆ ಗಂಟೆ ಹೊಡೆದರೆ ಊಟಕ್ಕೆ ಬನ್ನಿ ಎಂದು ಅರ್ಥ. ಹಿರಿಯ ಹೆಂಗಸರನ್ನೆಲ್ಲ ಆಂಟಿ ಎನ್ನುವುದು ನಮ್ಮವರ ಅಭ್ಯಾಸ ಮಾತ್ರ ಎಂದುಕೊಂಡಿದ್ದೆ, ಘಾನಾದವರದ್ದೂ ಅದೇ ಅಭ್ಯಾಸವಂತೆ. ಹಾಗಾಗಿ ಏನೆಂದು ಕರೆಯಬೇಕು ಎಂಬ ಕಷ್ಟ ನನಗೆ ಬರಲಿಲ್ಲ. ಅವರು ಮಾತ್ರ ನನ್ನ ಹೆಸರನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಬಿಟ್ಟು, "ಅಪ್‌ಸ್ಟೇರ್ಸ್" ಎಂದು ಇಟ್ಟುಬಿಟ್ಟರು. ಕೊನೆಯವರೆಗೂ ನಾನು ಅವರಿಗೆ ಅಪ್‌ಸ್ಟೇರ್ಸ್.

ಆಂಟಿಗೆ ವಿನಯ ಎಂಬುದು ಗೊತ್ತೇ ಇರಲಿಲ್ಲ, ನನಗೆ ಅವರಲ್ಲಿ ಹಿಡಿಸಿದ್ದೇ ಅದು. ತಾವು ಮಾಡಿದ ಅನ್ನದ ಮುಂದೆ ಬೇರೆ ಯಾರ ಅನ್ನವೂ ಅನ್ನವಲ್ಲ. ಪ್ರಾಯದಲ್ಲಿ ತಾವು ಬ್ಯಾಂಡಿನಲ್ಲಿ ಹಾಡಲು ನಿಂತರೆ ಜನ ಕೈಯಲ್ಲಿದ್ದ ಗ್ಲಾಸು ಕೆಳಗಿಡುತ್ತಿದ್ದರು. ಹೀಗೆಲ್ಲ ಹೇಳುತ್ತಿದ್ದರು. ಧ್ವನಿಯಂತೂ ಬಾವಿಯೊಳಗಿನಿಂದ ಬಂದ ಹಾಗೆ. ಏನಾದರೂ ಮಾರಲು ಫೋನ್ ಮಾಡಿದವರು ಅವರನ್ನು "ಸರ್" ಎನ್ನುತ್ತಿದ್ದರು. ಹಾಡಿ ಆಂಟಿ ಎಂದರೆ ಮಾತ್ರ ಹಾಡುತ್ತಿರಲಿಲ್ಲ. ತಾಳ ಹಾಕುತ್ತಿದ್ದರು, ಅಷ್ಟೇ. ನನ್ನ ಆದಿ ತಾಳದ ಕೆಳಗೆ ಅವರ ತಾಳ ಇನ್ನೊಂದು ದಾರಿ ಹಿಡಿದು, ಎಲ್ಲೆಲ್ಲೋ ಸುತ್ತಿ, ಸಮಕ್ಕೆ ಸರಿಯಾಗಿ ಬಂದು ಕೂರುತ್ತಿತ್ತು. ಮರುವರ್ಷ ನನಗೆ ಮಗಳು ಹುಟ್ಟಿದಳು. ಅವಳು ತೆವಳುತ್ತಾ ಬೆಳೆದದ್ದು ಆ ಕೆಳಗಿನ ಮನೆಯ ಕಾರ್ಪೆಟ್ಟಿನ ಮೇಲೆ.

ಮಗಳಿಗೆ ಎರಡು ವರ್ಷ ತುಂಬಿದ್ದಾಗ ಇರಬೇಕು. ಒಂದು ಶನಿವಾರ ಮಧ್ಯಾಹ್ನ ಆಂಟಿ ಮೇಲೆ ಬಂದರು. ನಮ್ಮ ಮನೆಯ ಬಾಗಿಲಲ್ಲಿ ತಪ್ಪದೆ ಶೂ ಬಿಡುತ್ತಿದ್ದವರು ಅವತ್ತು ಹಾಗೇ ಒಳಗೆ ಬಂದು ಸೋಫಾದ ಮೇಲೆ ಕುಳಿತರು. ಕೈಯಲ್ಲಿ ಒಂದು ಸುವರ್ಣಗೆಡ್ಡೆಯಂಥ ಗೆಡ್ಡೆ. ಗೇದರ್ಸ್‌ಬರ್ಗ್‌ನ ಆಫ್ರಿಕನ್ ದಿನಸಿ ಅಂಗಡಿಯಿಂದ ನೇರ ಬಂದಿದ್ದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ಆಗುತ್ತಿತ್ತು, ನನ್ನ ಕಿವಿಯಲ್ಲಿ ಉಳಿದಿರುವ ಹಾಗೆ ಬರೆಯುತ್ತಿದ್ದೇನೆ.

"ಅಂಗಡಿಯಲ್ಲಿ ನನ್ನ ಹಾಡು ಹಾಕಿದ್ದಾರೆ," ಎಂದರು. "ಅದೇ ಇಲಿಮರಿ ಧ್ವನಿಯಲ್ಲಿ."

ಅವತ್ತು ಕಥೆಯೆಲ್ಲ ಹೊರಗೆ ಬಂತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಫಂಕ್ ಸಂಗೀತ, ಎಂದರೆ ಗಿಟಾರು, ಡ್ರಮ್ಮು, ತುತ್ತೂರಿಗಳ ಕುಣಿಸುವ ಸಂಗೀತ, ಘಾನಾಕ್ಕೆ ಹೋಗಿ ಅಲ್ಲಿನ ತಾಳಗಳ ಜೊತೆ ಬೆರೆತಿತ್ತಂತೆ. ಊರೂರಿಗೆ ಬ್ಯಾಂಡು. ಆಂಟಿಯ ಬ್ಯಾಂಡಿನಲ್ಲಿ ಎಲ್ಲರೂ ಗಂಡಸರು, ಆಂಟಿ ಮತ್ತು ಅವರ ಅಕ್ಕ ಇಬ್ಬರನ್ನು ಬಿಟ್ಟು. ಹಾಡುವುದು ಆಂಟಿ, ಗಂಟೆ ಹೊಡೆಯುವುದು ಅಕ್ಕ. ಗೋಡೆಯ ಮೇಲಿದ್ದ ಅದೇ ಗಂಟೆ. ಆ ಬ್ಯಾಂಡಿನವರು ಒಂದೇ ಒಂದು ಎಲ್‌ಪಿ ರೆಕಾರ್ಡ್ ಮಾಡಿದರು. ಅದರ ಕವರಿನ ಫೋಟೋ ತೆಗೆಯುವಾಗ ಹುಡುಗಿಯರು ಸ್ವಲ್ಪ ಆಚೆ ನಿಲ್ಲಿ ಎಂದರು. ಹೆಸರು ಹಾಕುವಾಗಲೂ ಆಚೆಯೇ ನಿಲ್ಲಿಸಿದರು. ರೆಕಾರ್ಡ್ ಕೈಗೆ ಬಂದು ಹಾಕಿ ಕೇಳಿದರೆ, ಎಲ್ಲವೂ ಓಡುತ್ತಿದೆ, ಆಂಟಿಯ ಗಂಭೀರ ಧ್ವನಿ ಸ್ಕೂಲು ಹುಡುಗಿಯದಾಗಿದೆ. ಅಕ್ಕ ಬಿದ್ದು ಬಿದ್ದು ನಕ್ಕಳಂತೆ, ಆಂಟಿ ಅತ್ತರಂತೆ. ಪೆಟ್ಟಿಗೆಗಟ್ಟಲೆ ರೆಕಾರ್ಡ್ ಬಂದಾಗಿದೆ, ಇನ್ನೇನೂ ಮಾಡಲಾಗದು ಎಂದ ಬ್ಯಾಂಡಿನ ಯಜಮಾನ. ಮಾರಾಟವೂ ಆಗಲಿಲ್ಲ. ಬ್ಯಾಂಡು ಒಡೆಯಿತು, ಅಕ್ಕ ತೀರಿಕೊಂಡಳು, ಗಂಟೆ ಆಂಟಿಯ ಜೊತೆ ಅಮೆರಿಕಕ್ಕೆ ಬಂತು. ರೆಕಾರ್ಡನ್ನು ಬೇಕೆಂದೇ ತರಲಿಲ್ಲ.

ನಾನು ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಆ ಹಾಡು ಇಂಟರ್ನೆಟ್ಟಿನಲ್ಲಿ ಇತ್ತು. ಜಪಾನಿನವರು, ಫ್ರಾನ್ಸಿನವರು, ಯಾರ್ಯಾರೋ ಹೊಗಳಿ ಬರೆದಿದ್ದರು. ಸಿಗಲಾರದ ರೆಕಾರ್ಡು, ಚಿನ್ನದಂಥ ರೆಕಾರ್ಡು, ಯಾರೋ ಆ ಅಜ್ಞಾತ ಶಾಲಾ ಬಾಲಕಿ! ವಾಷಿಂಗ್ಟನ್ನಿನ ಒಬ್ಬ ಹುಡುಗ ಅದನ್ನು ಮತ್ತೆ ಹೊರತರುವವನಿದ್ದ. ಬ್ಯಾಂಡಿನ ಯಜಮಾನನ ಮಗ ಒಪ್ಪಿಗೆ ಕೊಟ್ಟಿದ್ದ. ಒಂದು ದಿನದ ಮಟ್ಟಿಗೆ ಯಾವುದೋ ಸ್ಕೂಲಿನ ಹುಡುಗಿ ಬಂದು ಹಾಡಿ ಹೋದಳು ಎಂದು ಅವನು ಹೇಳಿದ್ದನ್ನೇ ಹೊಸ ಕವರಿನ ಮೇಲೆ ಅಚ್ಚು ಹಾಕಲಿದ್ದರು. ಜನ ಮರೆತುಬಿಟ್ಟರೆ ಸಹಿಸಬಹುದು. ಆದರೆ ಹುಡುಕಿ ತೆಗೆದು, ಧೂಳು ಒರೆಸಿ, ಹೊಗಳಿ, ಕೊನೆಗೆ ನಿಮ್ಮ ಜಾಗದಲ್ಲಿ ಇಲ್ಲದವಳೊಬ್ಬಳನ್ನು ಕೂರಿಸಿದರೆ ಹೇಗೆ ಸಹಿಸುವುದು? ನನಗೇ ಮೈ ಉರಿಯಿತು. ವಾಷಿಂಗ್ಟನ್ನಿನ ಆ ಹುಡುಗನಿಗೆ ಈಮೇಲ್ ಬರೆದೆ.

ಹುಡುಗ ಬಂದ. ಗಡ್ಡ, ಕನ್ನಡಕ, ಒಳ್ಳೆಯ ನಡತೆ. ರೆಕಾರ್ಡನ್ನು ಎಳೆಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಆಂಟಿ ಹೇಳಿದ್ದನ್ನೆಲ್ಲ ಕೇಳಿದ. ರೆಕಾರ್ಡ್ ಹಾಕಿದ. ಒಳಗಿನಿಂದ ಕಿರುಗುಟ್ಟುವ, ಚುರುಕಾದ, ಮುದ್ದು ಧ್ವನಿ ಬಂತು. ಅವನು ಆಂಟಿಯ ಮುಖ ನೋಡಿದ, ಅವರ ಧ್ವನಿ ನೆನೆಸಿಕೊಂಡ, ಇಲ್ಲವೆಂಬಂತೆ ಮೆತ್ತಗೆ ತಲೆಯಾಡಿಸಿದ. ಸ್ಪೀಡು ತಪ್ಪಿದೆ ಎಂದು ಆಂಟಿ ಹೇಳಿದರು. ನಿಧಾನ ಮಾಡುತ್ತಾ ಹೋದರೆ ಯಾವ ರೆಕಾರ್ಡನ್ನಾದರೂ ಯಾರ ಧ್ವನಿಗೆ ಬೇಕಾದರೂ ಹೊಂದಿಸಬಹುದಲ್ಲ ಎಂದ ಅವನು. ಹಾಗಾದರೆ ಒಂದು ಸಲ ಹಾಡಿ ತೋರಿಸಿ ಎಂದು ಕೇಳಿದ. ಪರೀಕ್ಷೆಗೆ ನಿಂತು ಹಾಡುವವಳಲ್ಲ ನಾನು ಎಂದು ಆಂಟಿ ಎದ್ದು ಒಳಗೆ ಹೋದರು. ತಿಂಗಳ ಕೊನೆಗೆ ಕವರು ಪ್ರಿಂಟಿಗೆ ಹೋಗುತ್ತದೆ, ಏನಾದರೂ ಸಿಕ್ಕರೆ ಹೇಳಿ ಎಂದು ಅವನು ಹೊರಟ. ಮರುದಿನ ಮಕ್ಕಳ ಊಟಕ್ಕೆ ಗಂಟೆ ಹೊಡೆಯಲಿಲ್ಲ. ಆಂಟಿ ಬಾಯಲ್ಲೇ ಕೂಗಿ ಕರೆದರು.

ನನ್ನ ತಲೆಯಲ್ಲಿ ಮಾತ್ರ ಆ ಹುಡುಗಿಯ ಧ್ವನಿ ಕೊರೆಯುತ್ತಲೇ ಇತ್ತು. ಇಂಥ ಧ್ವನಿಯನ್ನು ನಾನು ಎಲ್ಲೋ ಕೇಳಿದ್ದೇನೆ... ಅನ್ನ ಬಸಿಯುತ್ತಿದ್ದಾಗ ಹೊಳೆಯಿತು. ಮೈಸೂರಿನಲ್ಲಿ, ನಮ್ಮ ಮನೆಯಲ್ಲೇ ಕೇಳಿದ್ದೆ! ಸಂಗೀತದ ಮೇಡಂ ಹೇಳಿಕೊಟ್ಟ ಕೃತಿಗಳನ್ನು ನಾನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಸೆಲ್ಲು ವೀಕಾದರೆ ಹೊಸದು ಕೊಳ್ಳುವವರು ಯಾರು, ಬಿಸಿಲಿಗಿಟ್ಟು ಮತ್ತೆ ಹಾಕುವುದು. ಒಂದು ಸಲ ಹಾಗೆ ಸಾಯುತ್ತಿದ್ದ ಸೆಲ್ಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಹೊಸ ಸೆಲ್ಲು ಹಾಕಿ ಕೇಳಿದರೆ, ಅರವತ್ತು ದಾಟಿದ ಮೇಡಂ ಆರು ವರ್ಷದ ಹುಡುಗಿಯಾಗಿ ಹಾಡುತ್ತಿದ್ದರು. ಯಾರ ಮಗು ಅದು ಎಂದು ಅಮ್ಮ ಒಳಗಿನಿಂದ ಬಂದು ನೋಡಿದ್ದಳು. ಹಿಡಿಯುವಾಗ ಮೆಷಿನ್ ನಿಧಾನವಾಗಿ ಓಡಿದ್ದರೆ, ಕೇಳುವಾಗ ಎಲ್ಲವೂ ಬೇಗ ಓಡುತ್ತದೆ.

ಒಲೆ ಆರಿಸಿ ಕೆಳಗೆ ಓಡಿದೆ. ಆಂಟಿ, ರೆಕಾರ್ಡಿಂಗಿನ ದಿನ ಕರೆಂಟ್ ಇತ್ತಾ ಎಂದು ಕೇಳಿದೆ. ಅವರು ಎಷ್ಟೋ ದಿನದ ಮೇಲೆ ನಕ್ಕರು. ಎಲ್ಲಿಯ ಕರೆಂಟು, ಪಕ್ಕದ ಮೀನಿನ ಕೋಲ್ಡ್ ಸ್ಟೋರೇಜಿನ ಜನರೇಟರಿನಿಂದ ವೈರ್ ಎಳೆದಿದ್ದರು. ಅಲ್ಲಿ ಫ್ರೀಜರ್ ಶುರುವಾದರೆ ಇಲ್ಲಿ ಬಲ್ಬು ಮಂಕಾಗುತ್ತಿತ್ತು. ಕರೆಂಟ್ ಇಲ್ಲದ ಊರಿನ ಕಷ್ಟ ಇಬ್ಬರಿಗೂ ಗೊತ್ತಿದ್ದದ್ದೇ, ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ. ಆದರೆ ಎಷ್ಟು ನಿಧಾನವಾಗಿ ಓಡಿತ್ತು? ಆ ಹುಡುಗ ಹೇಳಿದ್ದು ಸರಿಯೇ, ಎಷ್ಟು ಬೇಕಾದರೂ ಎಳೆಯಬಹುದು. ಅವತ್ತಿನಿಂದ ಇವತ್ತಿನವರೆಗೆ ಶ್ರುತಿ ಬದಲಾಗದೆ ಉಳಿದದ್ದು ಒಂದಾದರೂ ಬೇಕು ಎಂದೆ. ಮನುಷ್ಯರ ಗಂಟಲು ಬದಲಾಗುತ್ತದೆ, ಗಿಟಾರಿನ ತಂತಿ ಸಡಿಲವಾಗುತ್ತದೆ...

ಆಂಟಿ ಗೋಡೆಯ ಹತ್ತಿರ ಹೋದರು. ಮೊಳೆಯಿಂದ ಗಂಟೆ ಇಳಿಸಿ ಮಡಿಲಲ್ಲಿಟ್ಟುಕೊಂಡು ಕುಳಿತರು.

"ನನ್ನಕ್ಕ ಇದ್ದಾಳಲ್ಲ," ಎಂದರು. "ಇವಳು ಒಂದಿಷ್ಟೂ ಬದಲಾಗಿಲ್ಲ."

ಹುಡುಗನಿಗೆ ಫೋನ್ ಮಾಡಿದೆವು. ಈ ಸಲ ಅವನು ಸ್ಪೀಡು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇರುವ ರೆಕಾರ್ಡ್ ಪ್ಲೇಯರ್ ತಂದ. ನಾನು ಶ್ರುತಿ ಪೆಟ್ಟಿಗೆ ತೆಗೆದುಕೊಂಡು ಇಳಿದೆ. ಗಂಟೆಯ ನಾದ ಹೊಡೆದ ಕೂಡಲೇ ಆರಿಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸಿಕೊಳ್ಳಲು ಪೆಟ್ಟಿಗೆ ಬೇಕು. ಆಂಟಿ ದೊಡ್ಡ ಗಂಟೆ ಹೊಡೆಯುತ್ತಾ ಹೋದರು, ನಾನು ಗುಂಡಿ ತಿರುಗಿಸುತ್ತಾ ಹೋದೆ. ಎರಡು ನಾದ ಹತ್ತಿರ ಬಂದಾಗ ನಡುವೆ ಒಂದು ಅಲೆ ಎದ್ದು ನಡುಗುತ್ತದೆ, ಪೂರ್ತಿ ಕೂಡಿದಾಗ ಆ ನಡುಕ ನಿಲ್ಲುತ್ತದೆ. ಹಾಡುವವರಿಗೆಲ್ಲ ಗೊತ್ತಿರುವ ವಿಷಯ. ನಡುಕ ನಿಂತದ್ದು ನಾಲ್ಕು ಮತ್ತು ನಾಲ್ಕೂವರೆಯ ನಡುವೆ. ಪೆಟ್ಟಿಗೆ ಹಾಗೇ ಮೊರೆಯುತ್ತಿರಲು ಹುಡುಗ ರೆಕಾರ್ಡ್ ಹಾಕಿದ. ಅದರಲ್ಲಿನ ಗಂಟೆ ಪೆಟ್ಟಿಗೆಗಿಂತ ಬಹಳ ಮೇಲಿತ್ತು. ಅವನು ನಿಧಾನ ಮಾಡಿದ, ಇನ್ನೂ ಸ್ವಲ್ಪ ಎಂದೆ, ಇನ್ನೂ ಸ್ವಲ್ಪ... ನಡುಕ ಎದ್ದಿತು. ನಿಂತಿತು. ರೆಕಾರ್ಡಿನ ಗಂಟೆ ಪೆಟ್ಟಿಗೆಯೊಳಗೆ ಸೇರಿಹೋಯಿತು.

ಹುಡುಗನಿಗೆ ಇನ್ನೂ ಅನುಮಾನ, ಮುಖದಲ್ಲೇ ಕಾಣುತ್ತಿತ್ತು. ಯಾವ ಗಂಟೆ ತಂದರೂ ಹೀಗೆ ಸೇರಿಸಬಹುದಲ್ಲ? ಆಗ ಆಂಟಿ ಚಿಕ್ಕ ಗಂಟೆ ಹೊಡೆದರು. ಅದೇ ಹೊತ್ತಿಗೆ ರೆಕಾರ್ಡಿನಲ್ಲೂ ಚಿಕ್ಕ ಗಂಟೆ ಬಂತು. ಎರಡೂ ಒಂದೇ. ಒಬ್ಬ ಕಮ್ಮಾರ ಕೈಯಾರೆ ಬಡಿದು ಮಾಡಿದ ಜೋಡಿ ಅದು. ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ಯಾವ ಹಾರ್ಮೋನಿಯಂ ಮನೆಗೂ ಕೂರುವಂಥದ್ದಲ್ಲ, ಬೇರೆ ಜೋಡಿಯಲ್ಲಿ ಅದೇ ಅಂತರ ಬರುವುದು ಹೇಗೆ? ಹುಡುಗ ಜಾರುಗುಂಡಿಯಿಂದ ಕೈ ತೆಗೆದ.

ಮತ್ತೆ ಹಾಡು ಶುರುವಾಯಿತು. ಇಲಿಮರಿ ಇರಲಿಲ್ಲ. ಆಳದಿಂದ, ಅವಸರವಿಲ್ಲದೆ, ಗ್ಲಾಸು ಕೆಳಗಿಡಿಸುವ ಗತ್ತಿನಲ್ಲಿ ಎದ್ದು ಬಂದದ್ದು ಆಂಟಿಯ ಧ್ವನಿ. ವಯಸ್ಸು ಮಾತ್ರ ಬೇರೆ. ಆಂಟಿ ನಮ್ಮ ಕಡೆ ಬೆನ್ನು ಹಾಕಿ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದರು. ಎರಡನೆಯ ಸಾಲಿಗೆ ಅವರೂ ಹಾಡಲು ಹಿಡಿದರು. ಪರೀಕ್ಷೆಗಲ್ಲ, ತಮಗಾಗಿ. ಇಬ್ಬರು ಒಂದೇ ಉಸಿರಿನಲ್ಲಿ ಹಾಡಿದ ಹಾಗಿತ್ತು. ನನ್ನ ಮಗಳು ಕಾರ್ಪೆಟ್ಟಿನ ಮೇಲೆ ಕುಳಿತು, ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡು ತಟ್ಟೆ ಹುಡುಕುತ್ತಿದ್ದಳು. ಅವತ್ತಿನಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಕಛೇರಿಗಳಲ್ಲೂ ಆಗಿಲ್ಲ. ಅವರ ಬಗ್ಗೆ ಹೆಮ್ಮೆ, ನನ್ನ ಬಗ್ಗೆಯೂ ಹೆಮ್ಮೆ, ಯಾಕೆ ಮುಚ್ಚಿಡಲಿ.

ಹಾಡು ಮುಗಿದ ಮೇಲೆ ಹುಡುಗ ಪೆನ್ನು ತೆಗೆದು, ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಕೇಳಿದ.

"ಮೊದಲು ನನ್ನಕ್ಕನದ್ದು ಹಾಕು," ಎಂದರು ಆಂಟಿ.

ಪೆಟ್ಟಿಗೆ ಮತ್ತು ಗಂಟೆ ಎರಡೂ ವಾಷಿಂಗ್ಟನ್ನಿನ ಸ್ಟುಡಿಯೋಗೆ ಹೋಗಬೇಕಾಯಿತು, ಇಡೀ ರೆಕಾರ್ಡನ್ನು ಆ ಶ್ರುತಿಗೆ ಇಳಿಸಬೇಕಿತ್ತಲ್ಲ. ಕಾರಿನಲ್ಲಿ ಗುಂಡಿ ಅಲುಗಿಬಿಟ್ಟರೆ ಎಂದು ಆಂಟಿ ಕಪಾಟಿನಿಂದ ನೇಲ್ ಪಾಲಿಶ್ ತಂದು, ನನ್ನನ್ನು ಕೇಳದೆಯೇ, ಚುಕ್ಕೆ ಇಟ್ಟರು.

ಹೊಸ ಕವರಿನ ಹಿಂಬದಿಯಲ್ಲಿ ಎಲ್ಲರ ಹೆಸರೂ ಬಂತು. ಗಂಟೆಯ ಮುಂದೆ ಅಕ್ಕನ ಹೆಸರು, ಹಾಡಿನ ಮುಂದೆ ಆಂಟಿಯ ಹೆಸರು, ಆಮೇಲೆ ಗಂಡಸರು. ಎಲ್ಲದರ ಕೆಳಗೆ ಶ್ರುತಿ ಪೆಟ್ಟಿಗೆ ಎಂದು ಬರೆದು, ಅದರ ಮುಂದೆ "ಅಪ್‌ಸ್ಟೇರ್ಸ್"! ನನ್ನ ಹೆಸರು ಹೇಗೆ ಹಾಕಲಿ ಎಂದು ಹುಡುಗ ಫೋನಿನಲ್ಲಿ ಕೇಳಿದ್ದಾನೆ, ಆಂಟಿ ತಮಗೆ ಗೊತ್ತಿದ್ದದ್ದನ್ನು ಹೇಳಿದ್ದಾರೆ. ಇವರು ನೋಡಿ ನಕ್ಕಿದ್ದೇ ನಕ್ಕಿದ್ದು. ನಾನು ಅದನ್ನು ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತೇನೆ. ಆಂಟಿಯೂ ಕಡಿಮೆ ಇರಲಿಲ್ಲ. ಗೇದರ್ಸ್‌ಬರ್ಗ್‌ನ ಅಂಗಡಿಯವನ ಕೈಗೆ ತಾವೇ ಒಂದು ರೆಕಾರ್ಡ್ ಕೊಟ್ಟು, ಅವನು ಪೂರ್ತಿ ಕೇಳುವವರೆಗೆ ಅಲ್ಲೇ ನಿಂತರಂತೆ. ಫೋನಿನಲ್ಲಿ ಯಾರಾದರೂ "ಸರ್" ಎಂದರೆ, ಹೋಗಿ ನನ್ನ ರೆಕಾರ್ಡ್ ಕೇಳು ಎಂದು ಇಟ್ಟುಬಿಡುತ್ತಿದ್ದರು.

ಆಮೇಲೆ ಇವರಿಗೆ ಅಟ್ಲಾಂಟಾದಲ್ಲಿ ಕೆಲಸವಾಯಿತು, ನಾವು ಹೊರಟು ಬಂದೆವು. ಫೋನಿನಲ್ಲಿ ಮಾತಾಡುತ್ತಿದ್ದೆವು, ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ... ಹೋದ ವರ್ಷ ಶಾರ್ಲೆಟ್‌ನಲ್ಲಿರುವ ಅವರ ಮಗಳು ಫೋನ್ ಮಾಡಿ ಆಂಟಿ ಹೋದರು ಎಂದಳು. ಕೆಲವು ದಿನಕ್ಕೆ ಪಾರ್ಸೆಲ್ ಬಂತು. ಅವರಲ್ಲಿ ಸಾವಿನ ಮನೆಗೆ ಹತ್ತಿರದವರೆಲ್ಲ ಒಂದೇ ಬಟ್ಟೆ ತೊಟ್ಟು ಬರಬೇಕು. ನನಗೂ ಬಟ್ಟೆ ಕಳಿಸಿದ್ದರು. ಬಿಡಿಸಿ ನೋಡಿದರೆ ಆರು ಗಜ, ಕಪ್ಪು ಬಿಳುಪಿನ ಹೂವು. ಹೊಲಿಸಲು ಹೋಗಲಿಲ್ಲ, ಅದನ್ನೇ ಸೀರೆಯ ಹಾಗೆ ಉಟ್ಟೆ. ಗಂಜಿ ಹಾಕಿದ ಹಾಗೆ ಸೆಟೆದುಕೊಂಡಿದ್ದ ಆ ಬಟ್ಟೆಯ ನೆರಿಗೆ ಹಿಡಿಯಲು ಇವರೂ ಕೈ ಹಾಕಬೇಕಾಯಿತು. ಮೇರಿಲ್ಯಾಂಡಿನಲ್ಲಿ ಅಂತ್ಯಸಂಸ್ಕಾರಕ್ಕೆ ಸೇರಿದ್ದ ಹಾಲ್‌ನಲ್ಲಿ ರೆಕಾರ್ಡ್ ಹಾಕಿದರು, ಸರಿಯಾದ ಶ್ರುತಿಯಲ್ಲಿ. ತುಂಬಿದ ಸಭೆ ಎದ್ದು ಕುಣಿಯಿತು. ನಾನು ಅಳುತ್ತಲೇ ಕುಣಿದೆ. ಗಂಟೆ ಈಗ ಆಂಟಿಯ ಮಗಳ ಅಡುಗೆಮನೆಯಲ್ಲಿದೆ, ಊಟಕ್ಕೆ ಕರೆಯುವ ಕೆಲಸದಲ್ಲೇ ಇದೆಯಂತೆ.

ಇಷ್ಟೆಲ್ಲ ಬರೆದೂ ಅವರ ಹೆಸರು ಬರೆದಿಲ್ಲ. ಅದು ಇರಬೇಕಾದ ಜಾಗದಲ್ಲಿ, ಅಕ್ಕನ ಹೆಸರಿನ ಕೆಳಗೆ, ಅಚ್ಚಾಗಿದೆ. ಇಲ್ಲಿ ಅವರು ಕೆಳಗಿನ ಮನೆಯ ಆಂಟಿ, ಅಲ್ಲಿ ನಾನು ಅಪ್‌ಸ್ಟೇರ್ಸ್.

ಭಾನುವಾರ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ಗುಂಡಿಯನ್ನು ಕೆಂಪು ಚುಕ್ಕೆಗೆ ತಿರುಗಿಸಿ, ಆನ್ ಮಾಡಿದೆ. ನನ್ನ ಗಂಟಲಿಗೆ ತಗ್ಗಿನ ಶ್ರುತಿ. ಆದರೂ ಜರ್ಮನ್‌ಟೌನಿನ ಬೆಳಗುಗಳಲ್ಲಿ ಹಾಡುತ್ತಿದ್ದ ವರ್ಣ ಒಂದನ್ನು ಎತ್ತಿಕೊಂಡೆ. ಪಲ್ಲವಿ ಮುಗಿಯುವ ಹೊತ್ತಿಗೆ, ಗೊತ್ತಿಲ್ಲದೆಯೇ, ಕಾಲಿನ ಕೆಳಗಿನಿಂದ ಬರಬೇಕಾದ ಟಂಗ್‌ಗೆ ಕಾದೆ. ಈಗ ನಮ್ಮದು ಸ್ವಂತ ಮನೆ, ಕೆಳಗೆ ಯಾರೂ ಇಲ್ಲ. ಆ ತಾಳ ಇನ್ನು ಬರುವುದಿಲ್ಲ ಎಂಬುದು ಹೋದ ವರ್ಷ ಆ ಹಾಲ್‌ನಲ್ಲಿ ನನಗೆ ಪೂರ್ತಿ ಗೊತ್ತಾಗಿರಲಿಲ್ಲ, ಈಗ ಗೊತ್ತಾಯಿತು. ಮುಂದಿನ ಸಾಲು ಎತ್ತಿಕೊಳ್ಳಲಿಲ್ಲ.

ಪಕ್ಕದ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಅಲ್ಲಿಂದಲೇ ಕೇಳಿದಳು.

"ಅಮ್ಮಾ, ವೈ ಡಿಡ್ ಯು ಸ್ಟಾಪ್?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಪಲ್ಲವಿಯಿಂದ ಮತ್ತೆ ಶುರು ಮಾಡಿದೆ.